ಹೋಲಿಸುವ ಮುನ್ನ ಸಮ ಮಾಡಬೇಕಾದ 0.8 ಡೆಸಿಬೆಲ್

ಕಳೆದ ದೀಪಾವಳಿಯ ರಜೆಯಲ್ಲಿ ಗೆಳೆಯರೊಬ್ಬರಿಂದ ಒಂದು ವಾರದ ಮಟ್ಟಿಗೆ ಡ್ಯಾಕ್ ಒಂದನ್ನು ಎರವಲು ತಂದಿದ್ದೆ. ಡಿಜಿಟಲ್ ಸಂಕೇತವನ್ನು ವಿದ್ಯುತ್ ತರಂಗವಾಗಿ ಮಾರ್ಪಡಿಸಿ ಹೆಡ್‌ಫೋನಿಗೆ ಒದಗಿಸುವ, ಅಂಗೈಯಗಲದ ಲೋಹದ ಪೆಟ್ಟಿಗೆ ಅದು. ಅಲ್ಲಿಯವರೆಗೆ ನಾನು ಬಳಸುತ್ತಿದ್ದುದು ಸಾವಿರ ರೂಪಾಯಿಯೊಳಗೆ ಸಿಗುವ ಬೆರಳುದ್ದದ ಯುಎಸ್‌ಬಿ ಡಾಂಗಲ್. ಹೊಸ ಪೆಟ್ಟಿಗೆಯಲ್ಲಿ ಹತ್ತು ನಿಮಿಷ ಕೇಳುವಷ್ಟರಲ್ಲಿ ನನ್ನ ತೀರ್ಮಾನ ಆಗಿಹೋಗಿತ್ತು. ಪಿಟೀಲಿನ ಕಮಾನು ತಂತಿಯನ್ನು ಸೋಕುವ ಸದ್ದು ಹೆಚ್ಚು ಸ್ಪಷ್ಟವಾಗಿದೆ, ಮೃದಂಗ ತುಂಬಿಕೊಂಡಿದೆ, ಹಾಡುವವರು ಒಂದು ಹೆಜ್ಜೆ ಮುಂದೆ ಬಂದು ಕುಳಿತಂತಿದೆ ಎಂದೆಲ್ಲ ನನಗೆ ಅನ್ನಿಸಿತು. ಅದೇ ವಾರ ಅಣ್ಣನ ಮಗ ಫೋನ್ ಮಾಡಿ, "ಚಿಕ್ಕಪ್ಪ, ಇದನ್ನು ತೊಗೊಳ್ಳಲಾ?" ಎಂದು ಕೇಳಿದಾಗ ಅನುಮಾನಿಸದೆ "ತೊಗೋ" ಎಂದೆ. ಕೆಲಸಕ್ಕೆ ಸೇರಿ ವರ್ಷವಾಗದ ಹುಡುಗ ತನ್ನ ಉಳಿತಾಯದಿಂದ 18,000 ರೂಪಾಯಿ ಕೊಟ್ಟು ಅದನ್ನೇ ಕೊಂಡ.

ನಾನು ಅಳತೆ ಮಾಡಿದ್ದು ಅದಾದ ಮೇಲೆ. ಗೆಳೆಯರಿಗೆ ಪೆಟ್ಟಿಗೆಯನ್ನು ಹಿಂದಿರುಗಿಸುವ ಹಿಂದಿನ ಸಂಜೆ, ಎರಡೂ ಸಾಧನಗಳಲ್ಲಿ ನಾನು ಹಾಡು ಕೇಳುತ್ತಿದ್ದ ಮಟ್ಟವನ್ನು ಬದಲಿಸದೆ, ಒಂದೇ ಪರೀಕ್ಷಾ ಸ್ವರವನ್ನು ನುಡಿಸಿ, ಹೊರಬರುವ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ನೋಡಿದೆ. ಡಾಂಗಲ್ 0.500 ವೋಲ್ಟ್ ತೋರಿಸಿತು, ಹೊಸ ಪೆಟ್ಟಿಗೆ 0.548. ಎರಡರ ಅನುಪಾತ 1.096, ಎಂದರೆ ಸದ್ದಿನ ಮಟ್ಟದ ಅಂತರವನ್ನು ಹೇಳುವ ಮಾನದಲ್ಲಿ ಸುಮಾರು 0.8 ಡೆಸಿಬೆಲ್. ವಾಲ್ಯೂಮ್ ಗುಂಡಿಯನ್ನು ನಾನು ಕಿವಿಯ ಅಂದಾಜಿನಲ್ಲಿ ಸಮ ಮಾಡಿದ್ದೆ ಮತ್ತು ಸಮವಾಗಿದೆ ಎಂದೇ ನಂಬಿದ್ದೆ. ಆ ವಾರವಿಡೀ ನಾನು ಹೋಲಿಸಿದ್ದು ಎರಡು ಸಾಧನಗಳನ್ನಲ್ಲ, ಎರಡು ಬೇರೆ ಬೇರೆ ಸದ್ದಿನ ಮಟ್ಟಗಳನ್ನು.

0.8 ಡೆಸಿಬೆಲ್ ಎಂಬುದು ವಿಚಿತ್ರವಾದ ಅಂತರ. ಇನ್ನೂ ದೊಡ್ಡದಾಗಿದ್ದರೆ, ಉದಾಹರಣೆಗೆ 3 ಡೆಸಿಬೆಲ್ ಇದ್ದಿದ್ದರೆ, ಇದು ಗಟ್ಟಿಯಾಗಿದೆ ಎಂದು ಯಾರಿಗಾದರೂ ತಿಳಿಯುತ್ತದೆ, ಕೈ ತಾನಾಗಿ ಗುಂಡಿಯತ್ತ ಹೋಗುತ್ತದೆ. ಒಂದು ಡೆಸಿಬೆಲ್ಲಿನ ಒಳಗಿನ ಅಂತರವು ಗಟ್ಟಿತನವಾಗಿ ಗುರುತಿಗೆ ಸಿಗುವುದು ಕಡಿಮೆ. ಅದು ಸ್ಪಷ್ಟತೆಯಾಗಿ, ತುಂಬುತನವಾಗಿ, ಹತ್ತಿರ ಬಂದಂತೆ ಕೇಳಿಸುತ್ತದೆ. ಇದಕ್ಕೆ ಕಾರಣದ ಒಂದು ಭಾಗ ನಮ್ಮ ಕಿವಿಯ ಸ್ವಭಾವದಲ್ಲಿಯೇ ಇದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ ಅವರು 1933ರಲ್ಲಿ ಪ್ರಕಟಿಸಿದ ಸಮ ಗಟ್ಟಿತನದ ವಕ್ರರೇಖೆಗಳು ತೋರಿಸಿಕೊಟ್ಟಂತೆ, ಕೆಳ ಆವೃತ್ತಿಗಳಿಗೆ, ಎಂದರೆ ತಗ್ಗು ಸ್ವರಗಳಿಗೆ, ಕಿವಿ ಮಂದ. ಸದ್ದಿನ ಮಟ್ಟ ಏರಿದಂತೆ ಈ ಮಂದತನ ಕಡಿಮೆಯಾಗುತ್ತ ಹೋಗುತ್ತದೆ. ಆದ್ದರಿಂದ ಎಲ್ಲ ಆವೃತ್ತಿಗಳನ್ನೂ ಒಂದೇ ಪ್ರಮಾಣದಲ್ಲಿ ಏರಿಸಿದರೂ, ಬೇಸ್ ತನ್ನ ಪಾಲಿಗಿಂತ ತುಸು ಹೆಚ್ಚೇ ಏರಿದಂತೆ ಕಿವಿಗೆ ತೋರುತ್ತದೆ. ಮೇಲಾಗಿ, ಮೊದಲು ಕೋಣೆಯ ಗದ್ದಲದಲ್ಲಿ ಮುಳುಗಿದ್ದ ಸಣ್ಣ ಸದ್ದುಗಳು ಅದರಿಂದ ತುಸು ಮೇಲೆ ತಲೆ ಎತ್ತುತ್ತವೆ. ನಾನು ಮೆಚ್ಚಿಕೊಂಡದ್ದು ಇವನ್ನೇ.

ಎರಡು ಸಾಧನಗಳನ್ನು ಹೋಲಿಸುವ ಮುನ್ನ ಅವುಗಳ ಮಟ್ಟವನ್ನು 0.1 ಡೆಸಿಬೆಲ್ಲಿನ ಒಳಗೆ ಸಮ ಮಾಡಬೇಕು ಎಂಬುದು ಈ ಕ್ಷೇತ್ರದ ಹಳೆಯ ನಿಯಮ. ವೋಲ್ಟೇಜಿನಲ್ಲಿ ಅದು ಶೇಕಡಾ 1ಕ್ಕಿಂತ ತುಸು ಹೆಚ್ಚು. ಒಂದು ಬದಿ 0.500 ವೋಲ್ಟ್ ಇದ್ದರೆ ಇನ್ನೊಂದು ಬದಿ 0.494ರಿಂದ 0.506ರೊಳಗೆ ಇರಬೇಕು. ಈ ಕೆಲಸಕ್ಕೆ ದುಬಾರಿ ಉಪಕರಣ ಬೇಡ, ಮನೆಯ ಮಲ್ಟಿಮೀಟರ್ ಸಾಕು. ಆದರೆ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಅಗ್ಗದ ಮಲ್ಟಿಮೀಟರುಗಳು ಮನೆಗೆ ಬರುವ 50 ಹರ್ಟ್ಸ್ ವಿದ್ಯುತ್ತನ್ನು ಅಳೆಯಲೆಂದು ತಯಾರಾದವು. ಕೆಲವು ನೂರು ಹರ್ಟ್ಸ್ ದಾಟಿದ ಮೇಲೆ ಅವುಗಳ ಎಸಿ ಅಳತೆ ಜಾರುತ್ತದೆ. ಹಾಗಾಗಿ ಎಲ್ಲರೂ ಹೇಳುವ 1,000 ಹರ್ಟ್ಸ್ ಸ್ವರದ ಬದಲು 200 ಹರ್ಟ್ಸ್ ಸ್ವರವನ್ನು ಬಳಸುವುದು ಲೇಸು. ಎರಡನೆಯದಾಗಿ, ಹೆಡ್‌ಫೋನನ್ನು ಸಿಕ್ಕಿಸಿದ ಸ್ಥಿತಿಯಲ್ಲಿಯೇ ಅಳೆಯಬೇಕು. ಬರಿಗೈಯಲ್ಲಿ ನಡೆಯುವವನ ವೇಗವನ್ನು ನೋಡಿ ಮೂಟೆ ಹೊತ್ತವನ ವೇಗವನ್ನು ಹೇಳಲಾಗದು. ಈ ಎರಡನೆಯ ಎಚ್ಚರಿಕೆಯ ಹಿಂದೆ ದೊಡ್ಡ ವಿಷಯವೊಂದಿದೆ, ಅದಕ್ಕೆ ಮುಂದೆ ಬರುತ್ತೇನೆ.

ಮಟ್ಟ ಸಮವಾದ ಮೇಲೆ ಉಳಿದದ್ದು ಕಣ್ಣು. ಇದನ್ನು ಬಹಳ ಜನ ಒಪ್ಪುವುದಿಲ್ಲ. ಯಾವುದು ನುಡಿಯುತ್ತಿದೆ ಎಂಬುದು ತಿಳಿದಿದ್ದರೂ ಪ್ರಾಮಾಣಿಕವಾಗಿ ಕೇಳಬಲ್ಲೆ ಎಂದು ನಾನೂ ನಂಬಿದ್ದವನು. ಧ್ವನಿವರ್ಧಕಗಳ ಸಂಶೋಧನೆಯಲ್ಲಿ ದೊಡ್ಡ ಹೆಸರುಗಳಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ವರದಿ ಮಾಡಿದ ಪ್ರಯೋಗವೊಂದರಲ್ಲಿ 40 ಮಂದಿ ಕೇಳುಗರಿಗೆ ನಾಲ್ಕು ಸ್ಪೀಕರುಗಳನ್ನು, ಒಮ್ಮೆ ಪರದೆಯ ಹಿಂದಿಟ್ಟು, ಇನ್ನೊಮ್ಮೆ ಕಣ್ಣೆದುರಿಗಿಟ್ಟು ಕೇಳಿಸಲಾಯಿತು. ಆ ಕೇಳುಗರು ಹಾರ್ಮನ್ ಸಂಸ್ಥೆಯ ನೌಕರರೇ ಆಗಿದ್ದರು, ಎಂದರೆ ಈ ಉದ್ಯಮದ ಒಳಗಿನವರು. ಪರದೆ ಸರಿದೊಡನೆ ದೊಡ್ಡದಾದ, ಚೆಂದದ ಸ್ಪೀಕರುಗಳಿಗೆ ಅಂಕ ಏರಿತು, ಪುಟ್ಟದಾದ ಅಗ್ಗದ ವ್ಯವಸ್ಥೆಗೆ ಅಂಕ ಇಳಿಯಿತು. ಧ್ವನಿ ಮಾತ್ರ ಎರಡೂ ಸಲ ಒಂದೇ ಆಗಿತ್ತು. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಅವರಿಗೆ ನಿಜವಾಗಿಯೂ ಹಾಗೆ ಕೇಳಿಸಿತು.

ಅಣ್ಣನ ಮಗನಿಂದ ಅವನ ಪೆಟ್ಟಿಗೆಯನ್ನು ಎರಡು ದಿನಕ್ಕೆ ತರಿಸಿಕೊಂಡು, ಅಕ್ಕನನ್ನು ಸಹಾಯಕ್ಕೆ ಕರೆದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ, ಎಡ, ಬಲ ಮತ್ತು ನೆಲದ ತಂತಿಗಳು ಮೂರೂ ಒಟ್ಟಿಗೆ ಬದಲಾಗುವ ಸ್ವಿಚ್ಚೊಂದನ್ನು ತಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಸಿದ್ದೆ. ಲ್ಯಾಪ್‌ಟಾಪಿನಿಂದ ಎರಡು ಸಾಧನಗಳಿಗೂ ಒಂದೇ ಹಾಡು ಹೋಗುತ್ತಿತ್ತು. ನಾನು ಗೋಡೆಯ ಕಡೆ ಮುಖ ಮಾಡಿ ಕುಳಿತೆ. ಅಕ್ಕ ಮೊದಲು ಎ, ಆಮೇಲೆ ಬಿ, ಕೊನೆಗೆ ನಾಣ್ಯ ಚಿಮ್ಮಿ ಬಂದದ್ದನ್ನು ಎಕ್ಸ್ ಎಂದು ಕೇಳಿಸುವಳು. ಎಕ್ಸ್ ಎಂಬುದು ಎ ಇದೆಯೋ ಬಿ ಇದೆಯೋ ಎಂದು ನಾನು ಹೇಳಬೇಕು. ಇದನ್ನು ಎಬಿಎಕ್ಸ್ ಪರೀಕ್ಷೆ ಎನ್ನುತ್ತಾರೆ, 1950ರಲ್ಲಿ ಬೆಲ್ ಪ್ರಯೋಗಾಲಯದವರೇ ವಿವರಿಸಿದ ವಿಧಾನ. ಸಣ್ಣ ಸಂಗತಿಗಳೇ ಇಲ್ಲಿ ಕೈಕೊಡುತ್ತವೆ. ಮೊದಲ ಸುತ್ತಿನಲ್ಲೇ, ಸ್ವಿಚ್ಚಿನ ಸದ್ದು ಕೇಳಿಸಿದರೆ ಬದಲಾಯಿತು, ಕೇಳಿಸದಿದ್ದರೆ ಬದಲಾಗಲಿಲ್ಲ ಎಂದು ನನಗೆ ಗೊತ್ತಾಗತೊಡಗಿತು. ಆದ್ದರಿಂದ ಬದಲಿಸಲಿ ಬಿಡಲಿ, ಪ್ರತಿ ಸಲವೂ ಸ್ವಿಚ್ಚನ್ನು ಕೆಲವು ಬಾರಿ ಆಚೀಚೆ ಆಡಿಸಿ ನಿಲ್ಲಿಸುವಂತೆ ಅಕ್ಕನಿಗೆ ಹೇಳಿದೆ. ಎರಡು ಸಾಧನಗಳ ನಡುವೆ ಧ್ವನಿ ಕೆಲವು ಮಿಲಿಸೆಕೆಂಡು ಹಿಂದುಮುಂದಾಗಿ ಬರುತ್ತಿದ್ದುದರಿಂದ, ಹಾಡಿನ ನಡುವೆ ಬದಲಿಸಿದರೆ ಆ ಜಿಗಿತವೇ ಸುಳಿವು ಕೊಡುತ್ತಿತ್ತು. ಪ್ರತಿ ಸಲವೂ ನಿಲ್ಲಿಸಿ, ಅದೇ ಹತ್ತು ಸೆಕೆಂಡಿನ ತುಣುಕನ್ನು ಮೊದಲಿನಿಂದ ಹಾಕಬೇಕಾಯಿತು.

ಹದಿನಾರು ಸುತ್ತಿನಲ್ಲಿ 9 ಸರಿ ಹೇಳಿದೆ. ಬರೀ ಊಹೆಯಿಂದ ಹೇಳಿದರೂ ಸರಾಸರಿ 8 ಸರಿಯಾಗುತ್ತವೆ. ಬರೀ ಊಹೆಯಿಂದ 16ರಲ್ಲಿ 12 ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ಶೇಕಡಾ 4ಕ್ಕಿಂತ ಕಡಿಮೆ, ಅಷ್ಟು ಸರಿಯಾದರೆ ಏನೋ ಕೇಳಿಸಿದೆ ಎನ್ನಬಹುದು. 9 ಎಂದರೆ ಏನೂ ಹೇಳಲಾಗದು. ಎರಡೂ ಒಂದೇ ಎಂದು ಇದರಿಂದ ಸಾಬೀತಾಗುವುದಿಲ್ಲ. ಆ ಹಾಡಿನಲ್ಲಿ, ಆ ಹೆಡ್‌ಫೋನಿನಲ್ಲಿ, ಆ ಸಂಜೆ ನನ್ನ ಕಿವಿಗೆ ಅಂತರ ಸಿಗಲಿಲ್ಲ ಎಂದಷ್ಟೇ ಆಯಿತು. ಆದರೆ ಫೋನಿನಲ್ಲಿ ಅಷ್ಟು ಖಚಿತವಾಗಿ ಹೇಳಿದ ಮಾತಿಗೆ ಆಧಾರವಿರಲಿಲ್ಲ ಎಂಬುದು ಮಾತ್ರ ಖಂಡಿತವಾಯಿತು, ಅದೇ ಸಂಜೆ ಹುಡುಗನಿಗೆ ಫೋನ್ ಮಾಡಿ ಅದನ್ನು ಹೇಳಿದೆ.

ಇಲ್ಲಿಗೆ ನಿಲ್ಲಿಸಿ, ಎಲ್ಲ ಸಾಧನಗಳೂ ಒಂದೇ, ಉಳಿದದ್ದೆಲ್ಲ ಭ್ರಮೆ ಎಂದು ಹೇಳುವವರಿದ್ದಾರೆ. ಅದು ಇನ್ನೊಂದು ತುದಿಯ ಅವಸರ. ಫೋನಿನಲ್ಲಿ ಹುಡುಗ ನನ್ನ ಮಾತು ಕೇಳಿ, "ಆದರೆ ಚಿಕ್ಕಪ್ಪ, ನನಗೆ ಹಳೆಯ ಕಂಪ್ಯೂಟರಿನ ಜ್ಯಾಕಿಗೂ ಇದಕ್ಕೂ ಅಜಗಜಾಂತರ ಕೇಳಿಸುತ್ತೆ" ಎಂದ. ಅವನ ಕಂಪ್ಯೂಟರಿನ ಮುಂಭಾಗದ ಜ್ಯಾಕನ್ನು ಒಂದು ಭಾನುವಾರ ಹೋಗಿ ಅಳೆದೆ. ಏನನ್ನೂ ಸಿಕ್ಕಿಸದಿದ್ದಾಗ 0.500 ವೋಲ್ಟ್ ಇದ್ದದ್ದು, 33 ಓಮ್‌ನ ರೆಸಿಸ್ಟರ್ ಜೋಡಿಸಿದಾಗ 0.384ಕ್ಕೆ ಇಳಿಯಿತು. ಈ ಎರಡು ಸಂಖ್ಯೆಗಳಿಂದ ಜ್ಯಾಕಿನ ಒಳಗಿನ ಇಂಪೀಡೆನ್ಸ್, ಎಂದರೆ ವಿದ್ಯುತ್ ಹರಿವಿಗೆ ಅದು ಒಡ್ಡುವ ತಡೆ, ಸುಮಾರು 10 ಓಮ್ ಎಂದು ಲೆಕ್ಕ ಸಿಗುತ್ತದೆ. ಅವನ ಇಯರ್‌ಫೋನಿನ ಒಳಗೆ ಸದ್ದು ಹುಟ್ಟಿಸುವ ಹಲವು ಪುಟ್ಟ ಡ್ರೈವರುಗಳಿವೆ. ಅಂಥವುಗಳ ಇಂಪೀಡೆನ್ಸ್ ಎಲ್ಲ ಆವೃತ್ತಿಗಳಲ್ಲೂ ಒಂದೇ ಇರುವುದಿಲ್ಲ. ಅವನದರಲ್ಲಿ ಮಧ್ಯದ ಆವೃತ್ತಿಗಳಲ್ಲಿ 32 ಓಮ್ ಇದ್ದದ್ದು ಮೇಲಿನ ಆವೃತ್ತಿಗಳಲ್ಲಿ 8ಕ್ಕೆ ಇಳಿಯುತ್ತಿತ್ತು. 10 ಓಮ್‌ನ ಮೂಲದಿಂದ ಹೊರಟ ವೋಲ್ಟೇಜಿನಲ್ಲಿ 32 ಓಮ್‌ಗೆ ಮುಕ್ಕಾಲು ಪಾಲು ಸಿಕ್ಕರೆ, 8 ಓಮ್‌ಗೆ ಅರ್ಧಕ್ಕಿಂತ ಕಡಿಮೆ ಸಿಗುತ್ತದೆ. ಡೆಸಿಬೆಲ್ಲಿನಲ್ಲಿ ಈ ಎರಡರ ಅಂತರ 4.7. ಎಂದರೆ ಹಳೆಯ ಜ್ಯಾಕಿನಲ್ಲಿ ಅವನ ಇಯರ್‌ಫೋನಿನ ಮೇಲಿನ ಸ್ವರಗಳು ಅಷ್ಟು ಕುಗ್ಗಿ ಕೇಳಿಸುತ್ತಿದ್ದವು. ಹೊಸ ಪೆಟ್ಟಿಗೆಯ ಒಳಗಿನ ಇಂಪೀಡೆನ್ಸ್ 1 ಓಮ್‌ಗಿಂತ ಕಡಿಮೆ. 1 ಓಮ್ ಎಂದೇ ಹಿಡಿದರೂ ಅದೇ ಅಂತರ 0.8 ಡೆಸಿಬೆಲ್ಲಿಗೆ ಇಳಿಯುತ್ತದೆ. ಅವನಿಗೆ ಕೇಳಿಸಿದ್ದು ನಿಜವಾದ ಅಂತರ. ನನ್ನ ಹೆಡ್‌ಫೋನಿನ ಇಂಪೀಡೆನ್ಸ್ ಎಲ್ಲ ಆವೃತ್ತಿಗಳಲ್ಲೂ ಹೆಚ್ಚುಕಡಿಮೆ ಒಂದೇ ಇರುವುದರಿಂದ ನನ್ನ ಮನೆಯಲ್ಲಿ ಅದು ತೋರುವಂತೆಯೇ ಇರಲಿಲ್ಲ. ಅಂದಹಾಗೆ, ನನ್ನ ಸಾವಿರ ರೂಪಾಯಿಯ ಡಾಂಗಲಿನ ಇಂಪೀಡೆನ್ಸ್ ಕೂಡ 1 ಓಮ್‌ನ ಆಸುಪಾಸಿನಲ್ಲೇ ಇತ್ತು. ಅವನ ಕೆಲಸ ಅದರಿಂದಲೂ ಆಗುತ್ತಿತ್ತು.

ವಿರೂಪದ ಅಳತೆಯನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದಕ್ಕೆ ಈಗ ಸಿಗುತ್ತಿರುವ ಗಮನ ಅಗತ್ಯಕ್ಕಿಂತ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಶುದ್ಧವಾದ 1,000 ಹರ್ಟ್ಸ್ ಸ್ವರವನ್ನು ಸಾಧನಕ್ಕೆ ಕೊಟ್ಟು, ಹೊರಗೆ ಬರುವುದರಲ್ಲಿ 2,000, 3,000 ಹರ್ಟ್ಸ್‌ಗಳಲ್ಲಿ ಏನೇನು ಸೇರಿಕೊಂಡಿದೆ ಎಂದು ನೋಡುವುದು ಇದರ ಕ್ರಮ. ಶೇಕಡಾ 0.1 ವಿರೂಪವೆಂದರೆ ಮೂಲಕ್ಕಿಂತ 60 ಡೆಸಿಬೆಲ್ ಕೆಳಗೆ, ಸಾವಿರದಲ್ಲಿ ಒಂದು ಪಾಲು. ಶೇಕಡಾ 0.001 ಎಂದರೆ 100 ಡೆಸಿಬೆಲ್ ಕೆಳಗೆ, ಲಕ್ಷದಲ್ಲಿ ಒಂದು ಪಾಲು. ಇಂದಿನ ಅಗ್ಗದ ಡ್ಯಾಕುಗಳು ಕೂಡ ಇದರ ಹತ್ತಿರಕ್ಕೆ ಬಂದುಬಿಟ್ಟಿವೆ. ಆದರೆ ಅದೇ ಸಂಕೇತ ಸ್ಪೀಕರಿಗೆ ಹೋದಾಗ, ಬೇಸ್ ಸ್ವರಗಳಲ್ಲಿ ಶೇಕಡಾ 1 ವಿರೂಪವನ್ನು ದಾಟುವುದು ಸಾಮಾನ್ಯ. ಡ್ಯಾಕಿನ ವಿರೂಪ ಎಷ್ಟು ಕೆಳಗಿದೆ ಎಂಬ 110 ಮತ್ತು 120 ಡೆಸಿಬೆಲ್‌ಗಳ ನಡುವಿನ ಸ್ಪರ್ಧೆಯನ್ನು ಓದಿ, ಫ್ಯಾನು ತಿರುಗುವ ಕೋಣೆಯಲ್ಲಿ ಕುಳಿತು ಕೇಳುವವರು ಹಣವನ್ನು ಸ್ಪೀಕರಿಗೋ ಹೆಡ್‌ಫೋನಿಗೋ ಹಾಕುವುದು ಉತ್ತಮ.

ಹೆಡ್‌ಫೋನುಗಳ ವಿಷಯದಲ್ಲಿ ಕಿವಿಯೇ ಮುಂದೆ ಹೋಗಿ, ಅಳತೆ ಅದರ ಹಿಂದೆ ಬಂದ ಪ್ರಸಂಗವೊಂದನ್ನು ವಿವರವಾಗಿಯೇ ಹೇಳಬೇಕು. ಅಕ್ಕ ಸಂಗೀತ ಕಲಿಸುತ್ತಾಳೆ. ತನ್ನ ತಂಬೂರಿಯನ್ನು ಶ್ರುತಿ ಮಾಡಿ ಒಳ್ಳೆಯ ಮೈಕಿನಲ್ಲಿ ಧ್ವನಿಮುದ್ರಿಸಿಟ್ಟುಕೊಂಡಿದ್ದಾಳೆ. ಮಗ ಕೊಡಿಸಿದ ಹೊಸ ಹೆಡ್‌ಫೋನಿನಲ್ಲಿ ಅದನ್ನು ಕೇಳಿ, "ಇದರಲ್ಲಿ ಜೀವವೇ ಇಲ್ಲ ಕಣೋ" ಎಂದಳು. ಜೀವ ಎಂದರೆ ಅವಳ ಮಾತಿನಲ್ಲಿ ಬಹಳ ನಿರ್ದಿಷ್ಟವಾದ ವಸ್ತು. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ಇಡುವ ನೂಲನ್ನು ಕೂದಲೆಳೆಯಷ್ಟು ಸರಿಸಿದಾಗ ತಂತಿಯ ಸ್ವರ ಒಮ್ಮೆಲೇ ಅರಳಿ ಝೇಂಕರಿಸುತ್ತದೆಯಲ್ಲ, ಅದು. ಸಿ.ವಿ. ರಾಮನ್ ಅವರು 1921ರಲ್ಲಿ, ಕಲ್ಕತ್ತೆಯಲ್ಲಿದ್ದಾಗ, ಈ ತಂತಿಗಳ ಕುರಿತೇ ಬರೆದಿದ್ದಾರೆ. ಸಾಮಾನ್ಯ ತಂತಿಯನ್ನು ನಟ್ಟನಡುವೆ ಮೀಟಿದರೆ, ಆ ಬಿಂದುವಿನಲ್ಲಿ ಚಲನೆಯಿಲ್ಲದ ಹಾರ್ಮೋನಿಕ್‌ಗಳು, ಎಂದರೆ ಮೂಲ ಆವೃತ್ತಿಯ ಎರಡು, ನಾಲ್ಕು, ಆರು ಪಟ್ಟು ಆವೃತ್ತಿಯ ಸ್ವರಗಳು, ಹುಟ್ಟಬಾರದು. ತಂಬೂರಿ ಈ ನಿಯಮವನ್ನು ಮೀರುತ್ತದೆ. ತುಸು ಬಾಗಿದ ಅಗಲವಾದ ಕುದುರೆಯ ಮೇಲೆ ತಂತಿ ಪ್ರತಿ ಕಂಪನದಲ್ಲೂ ತಾಗುತ್ತ ಬಿಡುತ್ತ ಹೋಗುವುದರಿಂದ ಎಲ್ಲ ಹಾರ್ಮೋನಿಕ್‌ಗಳೂ ಎದ್ದು ಬರುತ್ತವೆ.

ಧ್ವನಿ ಸಾಧನವನ್ನು ಪರೀಕ್ಷಿಸುವವರಿಗೆ ಇದು ದೊಡ್ಡ ವರ. ಅಕ್ಕನ ಶ್ರುತಿ ಐದೂವರೆ. ನಡುವಿನ ಎರಡು ಷಡ್ಜದ ತಂತಿಗಳ ಮೂಲ ಆವೃತ್ತಿ ಸುಮಾರು 208 ಹರ್ಟ್ಸ್. ಅದರ 24ನೆಯ ಹಾರ್ಮೋನಿಕ್ 5,000 ಹರ್ಟ್ಸ್‌ನ ಹತ್ತಿರ ಬೀಳುತ್ತದೆ. ಅಲ್ಲಿಯವರೆಗೂ 208 ಹರ್ಟ್ಸ್‌ಗೆ ಒಂದರಂತೆ ಮೆಟ್ಟಿಲು ಕಟ್ಟಿದ ಹಾಗೆ ಹಾರ್ಮೋನಿಕ್‌ಗಳಿರುತ್ತವೆ. ಹೆಡ್‌ಫೋನು ಯಾವುದಾದರೂ ಜಾಗದಲ್ಲಿ ತಗ್ಗಿದರೆ ಅಲ್ಲಿನ ಮೆಟ್ಟಿಲುಗಳು ಕಾಣೆಯಾಗುತ್ತವೆ, ಬಲ್ಲವರ ಕಿವಿಗೆ ಅದು ತಿಳಿಯುತ್ತದೆ.

ಹೆಡ್‌ಫೋನನ್ನು ಸರಿಯಾಗಿ ಅಳೆಯಲು ಕೃತಕ ಕಿವಿ ಬೇಕು, ಐಇಸಿ 60318-4 ಎಂಬ ಮಾನದಂಡಕ್ಕೆ ಹೊಂದುವಂಥದ್ದು. ಏಕೆಂದರೆ ನಮ್ಮ ಕಿವಿಯ ನಾಳವೇ ಒಂದು ಕೊಳಲಿನಂತೆ ವರ್ತಿಸುತ್ತದೆ. ಎರಡೂವರೆ ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ನಾಳ ಸುಮಾರು 3,400 ಹರ್ಟ್ಸ್‌ನಲ್ಲಿ ಅನುರಣಿಸುತ್ತದೆ. ಹಾಗಾಗಿಯೇ ಒಳ್ಳೆಯ ಹೆಡ್‌ಫೋನಿನ ರೇಖೆ, ಎಂದರೆ ಯಾವ ಆವೃತ್ತಿ ಎಷ್ಟು ಗಟ್ಟಿ ಎಂದು ತೋರಿಸುವ ಗೆರೆ, ಕೃತಕ ಕಿವಿಯಲ್ಲಿ ನೇರವಾಗಿರುವುದಿಲ್ಲ, 3,000 ಹರ್ಟ್ಸ್‌ನ ಆಸುಪಾಸಿನಲ್ಲಿ ಉಬ್ಬಿರಬೇಕು. ಆ ಉಪಕರಣ ನನ್ನ ಕೈಗೆ ಎಟುಕುವ ಬೆಲೆಯದಲ್ಲ. ನನ್ನಲ್ಲಿರುವುದು ತನ್ನದೇ ತಿದ್ದುಪಡಿ ಕಡತದೊಂದಿಗೆ ಬರುವ ಯುಮಿಕ್-1 ಎಂಬ ಅಳತೆಯ ಮೈಕು, ಮತ್ತು ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝಾರ್ಡ್ ತಂತ್ರಾಂಶ. ಹಲಗೆಯೊಂದಕ್ಕೆ ತೂತು ಕೊರೆದು ಮೈಕನ್ನು ಅದರಲ್ಲಿ ಸಮಮಟ್ಟವಾಗಿ ಕೂರಿಸಿ, ಅಕ್ಕನ ಹೆಡ್‌ಫೋನನ್ನೂ ನನ್ನದನ್ನೂ ಸರದಿಯಂತೆ ಅದರ ಮೇಲಿಟ್ಟು ಅಳೆದೆ. ಇಡುವ ಜಾಗ ಚೂರು ಬದಲಾದರೂ ಮೇಲಿನ ಆವೃತ್ತಿಗಳ ರೇಖೆ ಕುಣಿಯುತ್ತದೆ. ಆದ್ದರಿಂದ ಪ್ರತಿಯೊಂದನ್ನೂ ಐದು ಸಲ ತೆಗೆದಿಟ್ಟು ಸರಾಸರಿ ತೆಗೆದುಕೊಂಡೆ. ಇಂಥ ಹಲಗೆಯಿಂದ ಸಿಗುವುದು ಪೂರ್ಣ ಸತ್ಯವಲ್ಲ, ಎರಡರ ನಡುವಿನ ವ್ಯತ್ಯಾಸದ ಒರಟು ಚಿತ್ರ. ಆದರೂ 5,000 ಹರ್ಟ್ಸ್‌ನ ಸುತ್ತ ಅಕ್ಕನ ಹೆಡ್‌ಫೋನು ನನ್ನದಕ್ಕಿಂತ 8 ಡೆಸಿಬೆಲ್‌ನಷ್ಟು ಕುಸಿದಿದ್ದುದು ಐದು ಸಲವೂ ಕಂಡಿತು.

ಇದು ಕಾರಣವೋ ಕಾಕತಾಳೀಯವೋ ಎಂದು ತಿಳಿಯಲು, ಆವೃತ್ತಿಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಈಕ್ವಲೈಸರಿನಲ್ಲಿ ಅದೇ ಜಾಗದಲ್ಲಿ ಅಷ್ಟೇ ಆಳದ ತಗ್ಗನ್ನು ನನ್ನ ಹೆಡ್‌ಫೋನಿನ ಧ್ವನಿಯಲ್ಲಿ ಮಾಡಿ, ತಗ್ಗು ಇರುವ ಮತ್ತು ಇಲ್ಲದ ತುಣುಕುಗಳನ್ನು ಗೊತ್ತಿಲ್ಲದ ಕ್ರಮದಲ್ಲಿ ಅಕ್ಕನಿಗೆ ಕೇಳಿಸಿದೆ. ಈ ಸಲ ನಾಣ್ಯ ಚಿಮ್ಮಿದವನು ನಾನು. ಹತ್ತಕ್ಕೆ ಹತ್ತು ಸರಿ ಹೇಳಿದಳು. ಬರೀ ಊಹೆಯಿಂದ ಹಾಗಾಗುವ ಸಾಧ್ಯತೆ 1,024ರಲ್ಲಿ ಒಂದು. ಅವಳು ಸಂಖ್ಯೆಗಳನ್ನು ಕೇಳಲಿಲ್ಲ. "ನೂಲು ಜಾರಿದ ಹಾಗಿದೆ, ಅಷ್ಟೇ" ಎಂದಳು. ನನ್ನ ಹದಿನಾರು ಸುತ್ತಿನ ಪರೀಕ್ಷೆಗೆ ಹಾಡಿನ ಬದಲು ತಂಬೂರಿಯನ್ನೇ ಆರಿಸಿಕೊಳ್ಳಬೇಕಿತ್ತು ಎಂದು ಆಗ ಹೊಳೆಯಿತು. ಮುಂದೆ ಅದರಲ್ಲೂ ಮಾಡಿ ನೋಡಿದೆ. 16ರಲ್ಲಿ 7.

ಸ್ಪೀಕರಿನ ಮಾತಿಗೆ ಬಂದರೆ, ಅಳತೆಗೆ ಕೋಣೆಯೂ ಸೇರಿಕೊಳ್ಳುತ್ತದೆ. ಪ್ರತಿಧ್ವನಿಯಿಲ್ಲದ ವಿಶೇಷ ಕೋಣೆ ಮನೆಯಲ್ಲಿ ಇರುವುದಿಲ್ಲ. ಆದರೆ ನೇರ ಧ್ವನಿ ಮೊದಲು ಬರುತ್ತದೆ, ನೆಲಕ್ಕೆ ತಾಗಿದ್ದು ಆಮೇಲೆ ಬರುತ್ತದೆ. ಸ್ಪೀಕರ್ ಮತ್ತು ಮೈಕನ್ನು 1.2 ಮೀಟರ್ ಎತ್ತರದಲ್ಲಿ, ಒಂದು ಮೀಟರ್ ಅಂತರದಲ್ಲಿ ಇಟ್ಟರೆ, ನೆಲದಿಂದ ಚಿಮ್ಮಿದ ಧ್ವನಿ 2.6 ಮೀಟರ್ ದಾರಿ ಸವೆಸಿ ಸುಮಾರು 4.7 ಮಿಲಿಸೆಕೆಂಡು ತಡವಾಗಿ ಬರುತ್ತದೆ. ಆ ಕ್ಷಣಕ್ಕೆ ಕತ್ತರಿಸಿ ಮೊದಲಿನದನ್ನು ಮಾತ್ರ ಇಟ್ಟುಕೊಂಡರೆ ಕೋಣೆಯ ಪಾಲು ಹೊರಗುಳಿಯುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೆಂದರೆ ಸುಮಾರು 215 ಹರ್ಟ್ಸ್‌ಗಿಂತ ಕೆಳಗಿನದನ್ನು ಆ ಅಳತೆ ಹೇಳಲಾರದು.

ಅದರ ಕೆಳಗಿನ ರಾಜ್ಯ ಕೋಣೆಯದು. ನನ್ನ ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಸಿಮೆಂಟಿನ ಗೋಡೆ, ಮೇಲೆ ಆರ್‌ಸಿಸಿ ತಾರಸಿ. ಕೋಣೆಯ ಉದ್ದಕ್ಕೆ ಸರಿಹೊಂದುವ ನಿಂತ ಅಲೆ (ಎದುರುಬದುರು ಗೋಡೆಗಳ ನಡುವೆ ಹೋಗಿಬಂದು ನೆಲೆನಿಲ್ಲುವ ಸದ್ದು) 47 ಹರ್ಟ್ಸ್‌ನಲ್ಲಿ, ಅಗಲದ್ದು 56ರಲ್ಲಿ, ಎತ್ತರದ್ದೂ 56ರಲ್ಲಿ. ಎರಡು ಅಳತೆಗಳು ಒಂದೇ ಆಗಿರುವ ಕಾರಣ 56 ಮತ್ತು ಅದರ ದುಪ್ಪಟ್ಟಾದ 112 ಹರ್ಟ್ಸ್‌ಗಳಲ್ಲಿ ಸದ್ದು ಎರಡು ಕಡೆಯಿಂದ ಒಟ್ಟುಗೂಡಿ ಉಬ್ಬುತ್ತದೆ, ಬೇಗ ಅಡಗುವುದೂ ಇಲ್ಲ. ನಾನು ಕುರ್ಚಿ ಹಾಕಿಕೊಂಡಿದ್ದುದು ಹಿಂದಿನ ಗೋಡೆಗೆ ಒರಗಿದಂತೆ, ಉದ್ದದ ಅಲೆಯ ಉಬ್ಬು ಅತಿ ಹೆಚ್ಚಾಗಿರುವ ಜಾಗದಲ್ಲಿ. ಕುರ್ಚಿಯನ್ನು ಅರ್ಧ ಅಡಿಗೊಮ್ಮೆ ಮುಂದೆ ತಂದು, ತಲೆ ಇರುವ ಎತ್ತರದಲ್ಲಿ ಮೈಕಿಟ್ಟು, 20ರಿಂದ 20,000 ಹರ್ಟ್ಸ್‌ವರೆಗೆ ಏರುವ ಸ್ವರವನ್ನು ಪ್ರತಿ ಜಾಗದಲ್ಲೂ ನುಡಿಸಿ ದಾಖಲಿಸಿದೆ. ಗೋಡೆಯಿಂದ ಮೂರೂವರೆ ಅಡಿ ದೂರದಲ್ಲಿ, ಪಕ್ಕದ ಗೋಡೆಗಳ ನಡುಬಿಂದುವಿನಿಂದ ಒಂದಿಷ್ಟು ಸರಿದು ಕುಳಿತಾಗ ರೇಖೆ ಉಳಿದೆಲ್ಲ ಕಡೆಗಿಂತ ಸಮವಾಗಿತ್ತು. ಮೂಲೆಯಲ್ಲಿ ಮಡಚಿ ನಿಲ್ಲಿಸಿದ ಹತ್ತಿ ಹಾಸಿಗೆಯಿಂದ 112ರ ಬಾಲ ತುಸು ಗಿಡ್ಡವಾಯಿತು. 56ಕ್ಕೆ ಅದು ಏನೂ ಮಾಡಲಿಲ್ಲ, ಅಷ್ಟು ಉದ್ದದ ಅಲೆಯನ್ನು ಹೀರಲು ಒಂದು ಹಾಸಿಗೆಯ ದಪ್ಪ ಸಾಲದು.

ಅಕ್ಕನನ್ನು ಹಳೆಯ ಜಾಗದಲ್ಲೂ ಹೊಸ ಜಾಗದಲ್ಲೂ ಕೂರಿಸಿ ಒಂದೇ ತನಿ ಆವರ್ತನವನ್ನು ಕೇಳಿಸಿದೆ. ಜಾಗ ಬದಲಾಗುವುದನ್ನು ಮರೆಮಾಚುವ ದಾರಿಯಿಲ್ಲದ ಕಾರಣ ಇದನ್ನು ನಾನು ಪರೀಕ್ಷೆಯೆಂದು ಪುಸ್ತಕದಲ್ಲಿ ಬರೆದುಕೊಂಡಿಲ್ಲ. ಮೃದಂಗದ ಎಡ ಮುಚ್ಚಿಗೆಯ ಪೆಟ್ಟುಗಳು ಹಳೆಯ ಜಾಗದಲ್ಲಿ ಒಂದರ ಮೇಲೊಂದು ಕುಳಿತಿದ್ದವು, ಇಲ್ಲಿ ಎಣಿಸಬಹುದು ಎಂದಳು. ಆ ಮಾತನ್ನು ಅಂದಿನ ರೇಖೆಯ ಪಕ್ಕದಲ್ಲಿ, ದಿನಾಂಕ ಹಾಕಿ, ಕೇಳುಗರಿಗೆ ಜಾಗ ಗೊತ್ತಿತ್ತು ಎಂಬ ಟಿಪ್ಪಣಿಯೊಂದಿಗೆ ಬರೆದಿಟ್ಟಿದ್ದೇನೆ.